ಡಾಕ್ಟರ್ ಹೇಳಿದ ಕೊನೆಯ ಪದ

ರತ್ನಾ ಮನೆಗೆ ಬಂದಾಗ ಕೆಳಗಿನ ಬೇಸ್‌ಮೆಂಟಿನಲ್ಲಿ ಗಂಡ ಮಾತನಾಡುತ್ತಿದ್ದರು.

"ಮೂಗು ಸೋರಿದ್ರೂ ರನ್. ಅಂಗಡಿ ನಡೆಸಿದ್ರೂ ರನ್. ನಮ್ಮಲ್ಲಿ ಎಲೆಕ್ಷನ್‌ಗೆ ನಿಲ್ತಾರೆ, ಇಲ್ಲಿ ಓಡ್ತಾರೆ!"

ರತ್ನಾ ದೀಪ ಹಾಕಿದರು. ಡಾಕ್ಟರ್ ಕೃಷ್ಣಸ್ವಾಮಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ತಲೆ ಒಡೆದಿತ್ತು. ಮೈ ತಣ್ಣಗಾಗಿತ್ತು. ಮಾತು ಬರುತ್ತಿದ್ದುದು ಮೇಜಿನ ಮೇಲಿದ್ದ ಫೋನಿನಿಂದ.

ಮಕ್ಕಳ ಮನೆಗೆಂದು ಅಮೆರಿಕದ ಡುಲುತ್‌ಗೆ ಬರುವ ಅಪ್ಪ-ಅಮ್ಮಂದಿರಿಗೆ ಡಾಕ್ಟರು ಇಂಗ್ಲಿಷ್ ಕಲಿಸುತ್ತಿದ್ದರು. ಒಂದು ಪಾಠಕ್ಕೆ ಒಂದೇ ಪದ. ರೆಕಾರ್ಡ್ ಮಾಡಿದ್ದನ್ನು ಮತ್ತೆ ಮತ್ತೆ ಕೇಳಿ ತಿದ್ದುವುದು ಅವರ ರೂಢಿ. ಸತ್ತ ಮೇಲೂ ಪಾಠ ಮುಗಿಯುತ್ತಿತ್ತು, ಮತ್ತೆ ಮೊದಲಾಗುತ್ತಿತ್ತು.

* * *

ಪಾಠದ ಕೊನೆಯಲ್ಲಿ ಡಾಕ್ಟರು ಕೂಗಿದ್ದರು: "ಶಶಾಂಕ್, ರನ್!"

ಹಿರಿಯ ಡಿಟೆಕ್ಟಿವ್ ಮಿಲ್ಲರ್‌ಗೆ ಅಷ್ಟೇ ಸಾಕಾಯಿತು. ರೆಕಾರ್ಡಿಂಗ್‌ಗೆ ನೆರವಾಗುತ್ತಿದ್ದ ಶಶಾಂಕ್ ಆ ಮನೆಯಿಂದ ಓಡಿದ್ದನ್ನು ಪಕ್ಕದ ಮನೆಯವರು ಕಂಡಿದ್ದರು. ಪೊಲೀಸರು ಅವನನ್ನು ಹಿಡಿದು ಸ್ಟೇಷನ್ನಿನಲ್ಲಿ ಕೂರಿಸಿದರು.

"ಮೇಡಂ, ಡೇಕೇರ್ ಮುಚ್ಚೋ ಟೈಮ್ ಆಗಿತ್ತು. ಮಗಳು ನಿಧಿನ ಪಿಕಪ್ ಮಾಡಬೇಕಿತ್ತು. ಅಂಕಲ್ಲೇ ಓಡು ಅಂದ್ರು," ಎಂದ ಶಶಾಂಕ್, ಡಿಟೆಕ್ಟಿವ್ ಕಾತ್ಯಾಯಿನಿಯ ಮುಂದೆ. "ಕೇಸ್ ಹಾಕಿದ್ರೆ ಕೆಲಸ ಹೋಗತ್ತೆ, ವೀಸಾ ಹೋಗತ್ತೆ. ನಿಧಿಗೆ ಏನು ಹೇಳ್ಲಿ?"

ಡೇಕೇರ್‌ನವರು ಹೌದೆಂದರು. ಆದರೆ ತಳ್ಳಿ ಓಡುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಮಿಲ್ಲರ್ ಕೇಳಿದ. ಆ ಒಂದು ಪದದ ಬೆನ್ನು ಹತ್ತಿದವನು ಮನೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

* * *

"ಆ ಹುಡುಗ ಅಲ್ಲ ಕಾತ್ಯಾಯಿನಿ. ನಮಗೆ ಮಗನ ಹಾಗಿದ್ದ," ಎಂದರು ರತ್ನಾ.

"ಆಂಟಿ, ಒಳಗೆ ಬಂದಾಗ ಏನು ನೋಡಿದ್ರಿ?"

"ಏನೂ ಕಾಣ್ಸಲಿಲ್ಲ. ಮನೆಯೆಲ್ಲ ಕತ್ತಲೆ. ದೇವರ ಮುಂದೂ ದೀಪ ಇರ್ಲಿಲ್ಲ. ತ್ಯಾಗು ಎಲ್ಲೋ ಹೋಗಿದಾನೆ ಅಂದ್ಕೊಂಡೆ. ನೋಡಿದ್ರೆ ಮೇಲೇ ಇದ್ದ."

ತ್ಯಾಗರಾಜ ಡಾಕ್ಟರರ ತಮ್ಮ. ಅಣ್ಣನ ಮನೆಯಲ್ಲೇ ವಾಸ. ಮುಸ್ಸಂಜೆಗೆ ದೀಪ ಹಚ್ಚುವುದು ಅವನ ಕೆಲಸ. ಕೋವಿಡ್ ಬಂದಾಗಲೂ ಮಾಸ್ಕ್ ಹಾಕಿಕೊಂಡು ಹಚ್ಚಿದ ಭೂಪ.

ಕಾತ್ಯಾಯಿನಿ ದೇವರ ಗೂಡು ನೋಡಿದಳು. ಎಣ್ಣೆ ತುಂಬಿತ್ತು. ಹೊಸ ಬತ್ತಿ ಹಾಗೇ ಇತ್ತು.

ಕೆಳಗೆ ಹೋಗಿ ಪಾಠವನ್ನು ಮತ್ತೆ ಕೇಳಿದಳು. "ಗುದ್ದಿ ನಿಲ್ಲದೆ ಹೋದ್ರೆ, ಹಿಟ್ ಅಂಡ್ ರನ್." ಅಲ್ಲಿ ಮಾತ್ರ ಡಾಕ್ಟರರ ಧ್ವನಿ ನಡುಗುತ್ತಿತ್ತು.

ನಂತರ ಗರಾಜಿಗೆ ಹೋದಳು. ಕಾರಿನ ಮುಂದಿನ ಬಂಪರ್ ಒಳಕ್ಕೆ ಹೋಗಿತ್ತು.

* * *

"ನಿನ್ನೆ ಸಂಜೆ ಎಲ್ಲಿದ್ರಿ ಅಂಕಲ್?" ಎಂದು ತ್ಯಾಗರಾಜನನ್ನು ಕೇಳಿದಳು ಕಾತ್ಯಾಯಿನಿ.

"ಮೇಲೇ ಇದ್ದೆ ಕಣಮ್ಮ. ಮಲಗಿದ್ದೆ, ಎದ್ದು ಸ್ನಾನ ಮಾಡಿದೆ. ಅತ್ತಿಗೆ ಕಿರುಚಿದ ಮೇಲೇ ಗೊತ್ತಾಗಿದ್ದು."

"ಸ್ನಾನ ಮಾಡಿದೋರು ದೇವರಿಗೆ ದೀಪ ಹಚ್ಚಲಿಲ್ಲ?"

"ಸೂತಕದ ಮನೇಲಿ ದೀಪ ಹಚ್ಚೋದು ಹೇಗಮ್ಮ?"

ಆಡಿದ ಮಾತು ಆಡಿಹೋಗಿತ್ತು.

"ಆಂಟಿ ಬಂದಾಗ ಆಗಲೇ ಕತ್ತಲಾಗಿತ್ತು," ಎಂದಳು ಕಾತ್ಯಾಯಿನಿ. "ನೀವು ದೀಪ ಹಚ್ಚೋದು ಅದಕ್ಕೂ ಮುಂಚೆ. ಆಗ ಸಾವಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಸೂತಕ ಅಂತ ನಿಮಗೆ ಯಾರು ಹೇಳಿದ್ರು?"

ತ್ಯಾಗರಾಜ ಕುಸಿದು ಕೂತ. ಹೋದ ವಾರ ಸೈಕಲ್ಲಿನವನೊಬ್ಬನಿಗೆ ಕಾರು ಗುದ್ದಿ ನಿಲ್ಲದೆ ಬಂದವನು ಅವನೇ. ಪೊಲೀಸರ ಹತ್ತಿರ ನೀನೇ ಹೋಗು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದಿದ್ದರು ಅಣ್ಣ. ನಿನ್ನೆ ಕೆಳಗಿನಿಂದ 'ಹಿಟ್ ಅಂಡ್ ರನ್' ಎಂಬ ಮಾತೇ ಮತ್ತೆ ಮತ್ತೆ ಕೇಳಿಸಿತು.

"ನಿಲ್ಸಣ್ಣ ಅಂತ ಬಾಗಿಲಲ್ಲಿ ನಿಂತು ಕೂಗ್ದೆ. ಮೇಲೆ ಹತ್ತಿ ಬಂದ. ನಾಳೇನೇ ಸ್ಟೇಷನ್‌ಗೆ ಹೋಗೋಣ ಅಂದ. ಇಂಡಿಯಾಗೆ ವಾಪಸ್ ಕಳಿಸಿಬಿಡ್ತಾರೆ ಅಂತ ಭಯ ಆಯ್ತು. ತಳ್ಳಿಬಿಟ್ಟೆ." ಅವನು ಕಿವಿ ಮುಚ್ಚಿಕೊಂಡ. "ಅವನು ಬಿದ್ದ ಮೇಲೂ ಮಾತಾಡ್ತಾನೇ ಇದ್ದ ಕಣಮ್ಮ."

ಮನುಷ್ಯರ ಮುಂದೆ ಸುಳ್ಳು ಹೇಳಲು ಅವನಿಗೆ ಬಂತು. ದೇವರ ಮುಂದೆ ಮೈಲಿಗೆಯಲ್ಲಿ ನಿಲ್ಲಲು ಬರಲಿಲ್ಲ. ಕಾತ್ಯಾಯಿನಿ ಫೋನ್ ತೆಗೆದು, ಶಶಾಂಕ್‌ನನ್ನು ಬಿಡಿ ಎಂದು ಮಿಲ್ಲರ್‌ಗೆ ಹೇಳಿದಳು.

ಕೈಗೆ ಬೇಡಿ ಬಿದ್ದಾಗ ತ್ಯಾಗರಾಜ ಅತ್ತಿಗೆಯ ಕಡೆ ತಿರುಗಿದ.

"ಅಣ್ಣನಿಗೆ ಮಕ್ಕಳಿಲ್ಲ ಅತ್ತಿಗೆ. ಕರ್ಮ ನಾನೇ ಮಾಡಬೇಕು. ಒಂದು ದಿನ ಬಿಡಿಸಿ."

ರತ್ನಾ ಅವನ ಮುಖ ನೋಡಲಿಲ್ಲ.

"ಶಶಾಂಕ್ ಮಾಡ್ತಾನೆ," ಎಂದರು. "ಅವನು ಬರಲಿ."