ಬೆರಳೆತ್ತಿ ಹೇಳಿದ ಮೂರು

"ರನ್‌ವೇಗೆ ‘ಎರಡು’ ಅಂತ ಕೊಟ್ಟವರು ಯಾರು?"

ಹಿಮ ತೆಗೆಯುವವರ ಕೊಠಡಿಗೆ ನುಗ್ಗಿದ ಪೈಲಟ್ ಕೇಳಿದಾಗ ಚಿಗುಸಾ ಎದ್ದು ನಿಂತಳು. ಹೊಕ್ಕೈಡೊದ ಆ ಪುಟ್ಟ ವಿಮಾನ ನಿಲ್ದಾಣದಲ್ಲಿ ರನ್‌ವೇಯ ಹಿಡಿತ ಅಳೆಯುವವಳು ಅವಳೇ. ಸೊನ್ನೆಯೆಂದರೆ ಬರೀ ಜಾರು, ಆರೆಂದರೆ ಒಣ ನೆಲ. ಹಿಂದಿನ ದಿನ ಅವಳ ‘ಎರಡು’ ಕೇಳಿ ಈತ ಪ್ರಯಾಣಿಕರ ಸಮೇತ ವಾಪಸ್ ಹೋಗಿದ್ದ.

"ನಾನೇ... ಹೊನ್ಮಾ ಚಿಗುಸಾ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿದಳು. ಅವನು ಅವಳಿಗಿಂತ ಕೆಳಗೆ ಬಾಗಿದ.

"ನಾನು ಶಿನೊಮಿಯಾ. ನೀವು ಹೇಳದಿದ್ರೆ ಇಳಿಸೇಬಿಡ್ತಿದ್ದೆ. ಥ್ಯಾಂಕ್ಸ್, ಹೊನ್ಮಾ ಸಾನ್."

ಜೇಬಿನಿಂದ ಬಿಸಿ ಜೋಳದ ಸೂಪಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅಷ್ಟಕ್ಕೇ ಹುಡುಗಿ ಬಿದ್ದುಹೋದಳು!

ಆಮೇಲೆ ಬಂದಿಳಿದಾಗಲೆಲ್ಲ ಒಂದು ಡಬ್ಬಿ, ನಾಲ್ಕು ಮಾತು. ಪ್ರೀತಿಯ ಜೊತೆಗೆ ಭಯವೂ ಬಂತು. ಅವನ ವಿಮಾನ ಬರುವ ದಿನ ಬಿಳಿ ರನ್‌ವೇಯನ್ನು ಅವಳು ಮತ್ತೆ ಮತ್ತೆ ನೋಡುತ್ತಿದ್ದಳು. ಜಾರಿಬಿಟ್ಟರೆ?

ಹಾಗಾಗಿ ಎರಡು ಸಲ, ಅಳತೆ ಮೂರು ಬಂದರೂ ಅವಳು ಎರಡು ಎಂದಳು. ಅವನು ಎರಡೂ ಸಲ ತಿರುಗಿ ಹೋದ.

ಕೆಲಸದಲ್ಲಿ ಏನೇ ನೋಡಿದರೂ ಬೆರಳು ತೋರಿಸಿ "ಸರಿ" ಎಂದು ಗಟ್ಟಿಯಾಗಿ ಹೇಳುವುದು ಅಲ್ಲಿನವರ ಪದ್ಧತಿ. ಆ ಎರಡು ದಿನ ಅವಳ ಬೆರಳು ಏಳಲಿಲ್ಲ.

ಅಳತೆಯ ಕಾರು ಓಡಿಸುವ ಕುಡೊ ಅಜ್ಜನ ಕಣ್ಣಿಗೆ ಅದು ಬೀಳದೆ ಇರಲಿಲ್ಲ. "ಬೇರೆಯವರ ವಿಮಾನಕ್ಕೆ ಏಳೋ ಬೆರಳಿಗೆ ಇವನನ್ನ ಕಂಡ್ರೆ ನಾಚಿಕೆನಾ?"

ಶಿನೊಮಿಯಾನೂ ಬಂದು ಕೇಳಿದ. "ನನ್ನ ಹಿಂದೆಯೇ ಬಂದ ವಿಮಾನಕ್ಕೆ ಮೂರು ಅಂದ್ರಿ, ಅದು ಆರಾಮಾಗಿ ಇಳೀತು. ನಾನು ಬರೋದು ನಿಮಗಿಷ್ಟ ಇಲ್ವಾ? ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ."

‘ಇಷ್ಟ ಇರೋದಕ್ಕೇ...’ ಎಂದು ಮನಸ್ಸಿನಲ್ಲೇ ಅಂದುಕೊಂಡು ಅವಳು ಮೇಜು ಒರೆಸತೊಡಗಿದಳು. ಅವನು ಹೊರಟುಹೋದ. ಸೂಪಿನ ಡಬ್ಬಿ ಮತ್ತೆ ಬರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಹಿಮಗಾಳಿ ಎದ್ದಿತು. ಆಕಾಶದಲ್ಲಿ ಅವನು ಸುತ್ತುತ್ತಿದ್ದ. ಹತ್ತಿರದ ಇನ್ನೊಂದು ನಿಲ್ದಾಣ ಆಗಲೇ ಮುಚ್ಚಿತ್ತು.

"ಎರಡು ಅಂದ್ರೆ ಈ ಅಡ್ಡಗಾಳಿಗೆ ಇಳಿಯೋ ಹಾಗಿಲ್ಲ," ಎಂದ ಅಜ್ಜ. "ಇರೋ ಚೂರು ಇಂಧನದಲ್ಲಿ ಸಮುದ್ರ ದಾಟಿ ಹೋಗ್ಬೇಕು. ನೋಡಿ ಹೇಳಮ್ಮ."

ಕಾರಿನ ಹಿಂದೆ ಅಳತೆಯ ಪುಟ್ಟ ಚಕ್ರ ನೆಲಕ್ಕಿಳಿಯಿತು. ಮೊದಲ ಭಾಗ, ಮೂರು. ನಡುವೆ, ಮೂರು. ಕೊನೆಯ ಭಾಗದಲ್ಲಿ ಅವಳು ಕಾರು ನಿಲ್ಲಿಸಲು ಹೇಳಿ ಇಳಿದಳು. ಬೂಟಿನಿಂದ ಹಿಮ ಕೆದಕಿ ನೋಡಿದಳು. ಕೆಳಗೆ ಮಂಜುಗಡ್ಡೆಯಿರಲಿಲ್ಲ. ಅಲ್ಲಿಯೂ ಮೂರೇ.

ಮೂರೆಂದು ಹೇಳಿ ಅವನು ಜಾರಿದರೆ? ಎರಡೆಂದು ಹೇಳಿ ಅವನು ಸಮುದ್ರದ ಮೇಲೆ... ಸುಳ್ಳು ಹೇಳಿ ಅವನನ್ನು ಕಾಪಾಡುವ ದಾರಿ ಇವತ್ತು ಇರಲಿಲ್ಲ.

ಬೆರಳೆತ್ತಿ ರನ್‌ವೇಯತ್ತ ತೋರಿಸಿದಳು.

"ಮೂರು, ಮೂರು, ಮೂರು. ಸರಿ."

ಅಜ್ಜ ರೇಡಿಯೊ ಅವಳ ಕೈಗೆ ಕೊಟ್ಟ. ಅದರಲ್ಲೂ ಅವಳು ಮೂರೆಂದೇ ಹೇಳಿದಳು.

ಬಿಳಿ ಮುಸುಕು ಸೀಳಿಕೊಂಡು ಎರಡು ದೀಪ ಕಂಡವು. ಚಕ್ರ ಧಡಕ್ಕನೆ ನೆಲಕ್ಕೆ ಬಡಿಯಿತು. ಹಿಮ ಎದ್ದು ವಿಮಾನವೇ ಮುಚ್ಚಿಹೋಯಿತು. ಅಳತೆ ತಪ್ಪಿದ್ದರೆ... ಅವಳು ಅಜ್ಜನ ತೋಳು ಹಿಡಿದಳು. ಹಿಮ ಕೆಳಗಿಳಿದಾಗ ವಿಮಾನ ರನ್‌ವೇಯ ನಡುಗೆರೆಯ ಮೇಲೆ ನಿಂತಿತ್ತು. ಅವಳು ಅತ್ತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಕೊಠಡಿಯ ಬಾಗಿಲು ತೆರೆಯಿತು. ಅಜ್ಜನಿಗೆ ಇದ್ದಕ್ಕಿದ್ದಂತೆ ಹೊರಗೆ ಕೆಲಸ ನೆನಪಾಯಿತು.

"ಆ ಎರಡು ಸಲನೂ ಮೂರೇ ಬಂದಿತ್ತು, ಶಿನೊಮಿಯಾ ಸಾನ್," ಅವಳು ತಲೆಯೆತ್ತದೆ ಹೇಳಿದಳು. "ನಿಮ್ಮನ್ನ ಕಳ್ಕೋತೀನೇನೋ ಅಂತ ಹೆದರಿ ಸುಳ್ಳು ಹೇಳ್ದೆ. ನೀವಂದ್ರೆ ನನಗೆ ಪ್ರಾಣ. ಆದ್ರೂ ನಾನು ಮಾಡಿದ್ದು ತಪ್ಪು. ಮೇಲಿನವರಿಗೆ ನಾನೇ ಹೇಳ್ತೀನಿ."

ಅವನು ಟೋಪಿ ತೆಗೆದು ಅವಳೆದುರು ಕೂತ.

"ನಾನೂ ಜೊತೆಗೆ ಬರ್ತೀನಿ. ಇನ್ಮೇಲೆ ಇದ್ದದ್ದು ಇದ್ದ ಹಾಗೆ ಹೇಳು. ನಿನ್ನ ಮಾತು ನಂಬಿ ತಾನೇ ನಾನು ಇಳಿಯೋದು?"

"ಹೇಳ್ತೀನಿ. ನೀವೂ ಸ್ವಲ್ಪ ಮೆತ್ತಗೆ ಇಳಿಸಿ. ನನ್ನ ಜೀವ ಹೋಗಿತ್ತು."

"ಹಿಮದಲ್ಲಿ ಮೆತ್ತಗೆ ಇಳಿಸಿದ್ರೆ ಜಾರುತ್ತೆ ಕಣೇ."

ಬಿಸಿ ಸೂಪಿನ ಡಬ್ಬಿ ಅವಳ ಅಂಗೈಗಿಟ್ಟು, ಅವನು ಬೆರಳೆತ್ತಿ ಅವಳತ್ತ ತೋರಿಸಿದ.

"ಚಿಗುಸಾ. ಸರಿ."

‘ಹೊನ್ಮಾ ಸಾನ್’ ಎಂಬ ಮರ್ಯಾದೆ ಬಿಟ್ಟು ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ. ಅವಳೂ ಬೆರಳೆತ್ತಿದಳು.

"...ಸರಿ."