ಇಪ್ಪತ್ತನೇ ನಿಮಿಷದ ಆರೋಪಿ

ಹಿಂದೆ ಬರುತ್ತಿದ್ದ ಜೀಪಿಗೂ ನಮಗೂ ಅರ್ಧ ಕಿಲೋಮೀಟರ್.

ನನ್ನ ಕಾರು ಕೆಮ್ಮಿತು. ಎರಡು ಸಲ ಜಗ್ಗಿತು. ರೈಲ್ವೆ ಗೇಟಿಗೆ ಐವತ್ತು ಅಡಿ ಇರುವಾಗ ನಿಂತೇಹೋಯಿತು.

ಹೊರಟು ಸರಿಯಾಗಿ ಇಪ್ಪತ್ತು ನಿಮಿಷ... ಪ್ರತಿಸಲವೂ ಇಷ್ಟು ಹೊತ್ತಿಗೇ ಇದರ ಪ್ರಾಣ ಹೋಗುತ್ತದೆ. ಕಾಲು ಗಂಟೆ ಬಿಟ್ಟರೆ ತಾನೇ ಎದ್ದು ಕೂರುತ್ತದೆ.

ಜೀಪಿನಲ್ಲಿದ್ದ ಇಬ್ಬರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪುಣ್ಯಕ್ಕೆ ದಿಮ್ಮಿ ಹೊತ್ತ ಲಾರಿಯೊಂದು ತಿರುಗಲು ಹೋಗಿ ಅವರ ಮುಂದೆ ಅಡ್ಡ ನಿಂತಿತ್ತು.

ಪಕ್ಕದ ಸೀಟಿನಲ್ಲಿ ಹೆಡ್ ನರ್ಸ್. ಅವರ ಆಸ್ಪತ್ರೆಯ ಮಾಲೀಕ ಅವಧಿ ಮುಗಿದ ಔಷಧಿ ಚುಚ್ಚಿಸಿ ಮೂವರನ್ನು ಕೊಂದದ್ದಕ್ಕೆ ಇವರೊಬ್ಬರೇ ಸಾಕ್ಷಿ. ಹನ್ನೊಂದಕ್ಕೆ ಇವರನ್ನು ಕೋರ್ಟಿಗೆ ಮುಟ್ಟಿಸುವುದು ನನ್ನ ಕೆಲಸ. ಮುಟ್ಟಿಸದಂತೆ ನೋಡಿಕೊಳ್ಳುವುದು ಜೀಪಿನವರ ಕೆಲಸ.

"ಏನ್ರೀ ಪತ್ತೇದಾರ್ರೇ, ಇದಕ್ಕೇನು ಕಾಯಿಲೆ?"

"ಗೊತ್ತಿಲ್ಲ ಸಿಸ್ಟರ್. ಎರಡು ತಿಂಗಳಿಂದ ಹುಡುಕ್ತಾ ಇದೀನಿ."

ನಗಬೇಡಿ. ಓಡಿಹೋದ ಗಂಡಂದಿರನ್ನು ಎರಡೇ ದಿನದಲ್ಲಿ ಹಿಡಿದುಕೊಟ್ಟವನು ನಾನು. ಈ ಕೇಸಿನಲ್ಲಿ ಮಾತ್ರ ಪ್ಲಗ್, ಕಾಯಿಲ್, ಫ್ಯೂಯೆಲ್ ಪಂಪ್... ಸಂಶಯ ಬಂದವರನ್ನೆಲ್ಲ ಕಿತ್ತು ಹೊರಗೆ ಹಾಕಿದ್ದೆ. ಎಲ್ಲರೂ ನಿರಪರಾಧಿಗಳು.

ಬಾನೆಟ್ ಎತ್ತಿದೆ. ಕಾರ್ಬುರೇಟರಿಗೆ ಬರುವ ಪೈಪು ಕಿತ್ತು ಹಿಡಿದೆ.

"ಕೀ ತಿರುಗಿಸಿ ಸಿಸ್ಟರ್."

ಎಂಜಿನ್ ಗೊರಗುಟ್ಟಿತು. ಪೈಪಿನಿಂದ ಬಂದದ್ದು ಎರಡು ಹನಿ.

"ಪೆಟ್ರೋಲ್ ಬರ್ತಿಲ್ಲ."

"ಖಾಲಿಯಾಗಿದ್ಯಾ?"

"ಬೆಳಿಗ್ಗೆ ತಾನೆ ತುಂಬಿಸಿದೀನಿ."

ಅವರು ಇಳಿದು ಬಂದರು. "ಗಾಜಿನ ಬಾಟ್ಲಲ್ಲಿ ಡ್ರಿಪ್ ಹಾಕ್ವಾಗ, ಗಾಳಿ ಹೋಗೋಕೆ ಬೇರೆ ಒಂದು ಸೂಜಿ ಚುಚ್ತೀವಿ. ಇಲ್ದಿದ್ರೆ ಸ್ವಲ್ಪ ಹೊತ್ತಲ್ಲೇ ಹನಿ ನಿಂತ್ಹೋಗತ್ತೆ. ನಿಮ್ ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗತ್ತೆ?"

ನಾನು ಹಿಂದೆ ಟ್ಯಾಂಕಿನ ಕಡೆ ನೋಡಿದೆ.

"ಮುಚ್ಚಳದಲ್ಲಿ ಸಣ್ಣದೊಂದು ತೂತು ಇತ್ತು."

"ಇತ್ತು ಅಂದ್ರೆ?"

"ಪೆಟ್ರೋಲ್ ವಾಸನೆ ಅಂತ ಹೆಂಡ್ತಿ ಬೈದ್ಲು... ಅಂಟು ಮೆತ್ತಿಬಿಟ್ಟೆ."

"ಯಾವಾಗ?"

"ಎರಡು ತಿಂಗಳಾಯ್ತು."

ಅವರು ನನ್ನನ್ನು ನೋಡಿದರು. ಲಾಠಿ ಏಟು ತಿಂದಿದ್ದೇನೆ... ಅದೇ ವಾಸಿ.

ಪೈಪು ಸಿಕ್ಕಿಸಿ ಹಿಂದಕ್ಕೆ ಓಡಿದೆ. ಮುಚ್ಚಳ ತಿರುಗಿಸಿದ ಕೂಡಲೇ ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಸಿಸ್ಟರ್ ತಲೆಯಿಂದ ಪಿನ್ನು ಕಿತ್ತು ಕೊಟ್ಟರು. ಅಂಟು ಕೆರೆದು ತೂತು ಬಿಡಿಸಿದೆ.

ಲಾರಿ ಪಕ್ಕಕ್ಕೆ ಸರಿಯಿತು. ಜೀಪು ನುಗ್ಗಿತು.

ಗೇಟಿನ ಗಂಟೆಯೂ ಶುರುವಾಯಿತು.

ಕೀ ತಿರುಗಿಸಿದೆ. ಗೊರ್... ಮತ್ತೆ ಗೊರ್... ಮೂರನೆಯದಕ್ಕೆ ಹೊತ್ತಿಕೊಂಡಿತು!

ಇಳಿಯುತ್ತಿದ್ದ ಗೇಟು ಕಾರಿನ ತಲೆ ಸವರಿತು. ನಾವು ಆಚೆಗೆ, ಜೀಪು ಈಚೆಗೆ, ನಡುವೆ ಗೂಡ್ಸ್ ರೈಲು. ಡಬ್ಬಿಯ ಹಿಂದೆ ಡಬ್ಬಿ... ಅಷ್ಟು ಚಂದದ ರೈಲನ್ನು ನಾನು ನೋಡಿಯೇ ಇಲ್ಲ.

ಮುಂದೆ ಮುಕ್ಕಾಲು ಗಂಟೆ ಓಡಿದರೂ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಕಟಕಟೆಯಲ್ಲಿ ಸಿಸ್ಟರ್ ಒಂದು ದಿನಾಂಕವನ್ನೂ ತಪ್ಪು ಹೇಳಲಿಲ್ಲ. ಮಾಲೀಕ ಅಲ್ಲಿಂದ ನೇರ ಜೈಲಿಗೆ ಹೋದ.

ಸಂಜೆ ಕೋರ್ಟಿನ ಮೆಟ್ಟಿಲ ಮೇಲೆ ಕೇಳಿದೆ, "ಮನೆಗೆ ಬಿಡ್ಲಾ ಸಿಸ್ಟರ್?"

"ಬೇಡಪ್ಪಾ, ಪೊಲೀಸ್ ವ್ಯಾನಲ್ಲಿ ಹೋಗ್ತೀನಿ. ನಿಜ ಹೇಳ್ಲಾ? ಆ ಜೀಪಿನವರಿಗಿಂತ ನಿಮಗೇ ಜಾಸ್ತಿ ಹೆದರ್ಕೊಂಡಿದ್ದೆ."

ಈ ಕಸುಬಿಗಿಳಿದು ಹದಿನೆಂಟು ವರ್ಷ. ನನಗೆ ಹೆದರಿದ ಮೊದಲನೆಯವರು ಅವರು.