ನಲವತ್ತರ ನಂತರದ ಸಂಖ್ಯೆ

ನಮ್ಮಕ್ಕ ತೀರಿಕೊಳ್ಳುವ ಮುಂಚೆ ಮಗಳಿಗೆಂದು ತನ್ನ ದನಿಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ನಲವತ್ತು ಆಡಿಯೋ ಫೈಲುಗಳು, ಈಗಿನ ಕಂಪ್ಯೂಟರ್ ಓದಲಾರದ ಹಳೆಯ ಡಿಸ್ಕೊಂದರಲ್ಲಿ ಸಿಕ್ಕಿಕೊಂಡಿದ್ದವು. ಅದನ್ನು ಓದಲೆಂದೇ ನಾನೊಂದು ಪ್ರೋಗ್ರಾಂ ಬರೆದೆ. ಫೋಲ್ಡರಿನಲ್ಲಿರುವ ಫೈಲುಗಳ ಹೆಸರಿನ ಪಟ್ಟಿ ಕಂತುಕಂತಾಗಿ ಬರುತ್ತದೆ. ಪ್ರತಿ ಹೆಸರಿನ ಜೊತೆ, ಮುಂದೆ ಎಲ್ಲಿಂದ ಓದಬೇಕೆಂಬ ಸಂಖ್ಯೆಯನ್ನೂ ಪ್ರೋಗ್ರಾಂ ಕಂಪ್ಯೂಟರಿಗೆ ಕೊಡಬೇಕು. ನಾನು ಮುಂದಿನದರ ಬದಲು ಆ ಹೆಸರಿನದೇ ಸಂಖ್ಯೆ ಕೊಟ್ಟಿದ್ದೆ. ಬಂದ ಹೆಸರೇ ಮತ್ತೆ ಮತ್ತೆ ಬಂತು.

"ಥೇಟ್ ಅಮ್ಮನೇ! ಹೇಳಿದ್ದನ್ನೇ ಹೇಳ್ತಿದ್ಲಲ್ಲ ಚಿಕ್ಕಮ್ಮ," ಎಂದು ಅಕ್ಕನ ಮಗಳು ನಕ್ಕಳು.

ಸಂಖ್ಯೆಗೆ ಒಂದು ಕೂಡಿಸಿದೆ. ಹೆಸರುಗಳು ಸಾಲಾಗಿ ಇಳಿದವು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು! ಇಬ್ಬರೂ ಕುಣಿದಾಡಿಬಿಟ್ಟೆವು.

ಆಗ ಉರಿಬಿಸಿಲಿನ ಮಧ್ಯಾಹ್ನ. ಆದರೂ ನನ್ನ ಬೆರಳ ಕೆಳಗೆ ಕೀಲಿಮಣೆ ತಣ್ಣಗಾಯಿತು. ಪಟ್ಟಿಯಲ್ಲಿ ನಲವತ್ತೊಂದನೆಯದು ಮೂಡಿತು. ಅದರ ತಾರೀಖು ಆ ದಿನದ್ದೇ. ಪಟ್ಟಿ ತೆರೆದಾಗೆಲ್ಲ ಅದರ ಗಾತ್ರ ತುಸು ಬೆಳೆದಿರುತ್ತಿತ್ತು.

"ಹಾಕು ಚಿಕ್ಕಮ್ಮ, ಕೇಳೋಣ!"

ಅವಳ ಕಣ್ಣು ಹೊಳೆಯುತ್ತಿತ್ತು. ಸುಳ್ಳೇಕೆ ಹೇಳಲಿ, ನನ್ನ ಎದೆಯೂ ಹಿಗ್ಗಿನಿಂದಲೇ ಹೊಡೆದುಕೊಳ್ಳುತ್ತಿತ್ತು.

"ತಾಳೇ, ಅವಳು ಹೇಳೋದು ಇನ್ನೂ ಮುಗಿದಿಲ್ಲ," ಎಂದೆ.

ನನ್ನ ಪ್ರೋಗ್ರಾಂ ಓದುತ್ತದೆ, ಅಷ್ಟೆ. ಡಿಸ್ಕಿಗೆ ಹೊಸದೇನನ್ನಾದರೂ ಬರೆಯುವ ಭಾಗವನ್ನು ನಾನು ಇವತ್ತಿಗೂ ಬರೆದಿಲ್ಲ.